ಹಂಪಿ ಕಂಡವರಿಗೆ ಕರಾವಳಿಯಲ್ಲಿ ನೋಡುವುದೇನಿದೆ?

ಪ್ರಶ್ನೆ: ನಾವು ಹಾವೇರಿಯವರು. ದಸರಾ ರಜೆಯಲ್ಲಿ ಮೂರು ದಿನದ ಮಟ್ಟಿಗೆ ಮಂಗಳೂರು, ಉಡುಪಿಗೆ ಬರಬೇಕೆಂದಿದ್ದೇವೆ. ಹಂಪಿ, ಬಾದಾಮಿ, ಬೇಲೂರುಗಳನ್ನು ನೋಡಿ ಬಂದ ಮೇಲೆ ಒಂಬತ್ತನೇ ತರಗತಿಯ ಮಗಳಿಗೆ ಇತಿಹಾಸದ ಹುಚ್ಚು ಹಿಡಿದಿದೆ. ಜೊತೆಗೆ ಮೊಣಕಾಲು ನೋವಿರುವ ಎಪ್ಪತ್ತೆರಡು ವರ್ಷದ ಅತ್ತೆಯವರಿದ್ದಾರೆ. ಮಂಗಳೂರಿನಲ್ಲಿ ಕಡಲು, ಊಟ ಬಿಟ್ಟರೆ ಹಳೆಯದೇನೂ ಉಳಿದಿಲ್ಲ ಎಂದು ಪರಿಚಿತರು ಹೇಳುತ್ತಾರೆ. ಇದು ನಿಜವೇ? ನಿಜವಲ್ಲದಿದ್ದರೆ ಏನನ್ನು, ಯಾವ ಕ್ರಮದಲ್ಲಿ ನೋಡಬೇಕು?

ಉತ್ತರ: ನಿಮ್ಮ ಪರಿಚಿತರ ಮಾತನ್ನು ನಾನು ಒಪ್ಪುವುದಿಲ್ಲ, ಆದರೆ ಅವರಿಗೆ ಹಾಗೆ ಅನ್ನಿಸಿದ್ದು ಏಕೆಂಬುದು ಅರ್ಥವಾಗುತ್ತದೆ. ಹಂಪಿಯಲ್ಲಿ ಒಂದು ರಾಜಧಾನಿಯೇ ಬಯಲಿನಲ್ಲಿ ತೆರೆದುಕೊಂಡಿದೆ. ಬೆಳಗಿನಿಂದ ಸಂಜೆಯವರೆಗೆ ಯಾರನ್ನೂ ಕೇಳದೆ ಅದರೊಳಗೆ ಓಡಾಡಬಹುದು. ಕರಾವಳಿಯಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಮಾಡು ಸೋರಲು ಬಿಟ್ಟ ಕಟ್ಟಡ ಇಲ್ಲಿ ಹೆಚ್ಚು ಕಾಲ ನಿಲ್ಲುವುದಿಲ್ಲ. ಗೋಡೆಯಲ್ಲಿ ಅರಳಿಗಿಡ ಬೇರು ಬಿಟ್ಟಿತೆಂದರೆ ಮುಗಿಯಿತು. ಆದ್ದರಿಂದ ನಮ್ಮಲ್ಲಿ ಹಳೆಯದಾಗಿ ಉಳಿದಿರುವುದರಲ್ಲಿ ಹೆಚ್ಚಿನದು ಬಳಕೆಯಲ್ಲಿದ್ದ ಕಾರಣಕ್ಕೆ, ತಲೆಮಾರಿನಿಂದ ತಲೆಮಾರಿಗೆ ಯಾರೋ ಹೆಂಚು ಕೈಯಾಡಿಸಿ, ಮರದ ಪಕ್ಕಾಸು ಬದಲಾಯಿಸಿ, ತಾಮ್ರದ ತಗಡು ಹೊದಿಸಿದ ಕಾರಣಕ್ಕೆ ಉಳಿದಿದೆ. ಪೂಜೆ, ನಮಾಜು, ಪಾಠ, ವ್ಯಾಪಾರ ಇಂದಿಗೂ ನಡೆಯುತ್ತಿರುವ ಕಟ್ಟಡಗಳ ಒಳಗೇ ಹೋಗಿ ಅದನ್ನು ನೋಡಬೇಕು. ಅವುಗಳ ಹೊತ್ತುಗೊತ್ತಿಗೆ ನಾವು ಹೊಂದಿಕೊಳ್ಳಬೇಕು. ಹಂಪಿಯ ಅಭ್ಯಾಸದಿಂದ ಬಂದವರು ಮಧ್ಯಾಹ್ನ ಎರಡು ಗಂಟೆಗೆ ಮುಚ್ಚಿದ ಬಾಗಿಲುಗಳ ಎದುರು ನಿಂತು ಇಲ್ಲಿ ಏನೂ ಇಲ್ಲವೆಂದು ತಿಳಿದು ಹಿಂದಿರುಗುತ್ತಾರೆ.

ಇನ್ನೊಂದು ವಿಷಯವನ್ನು ಮಗಳಿಗೆ ಮೊದಲೇ ಹೇಳಿಡಿ. ಬೇಲೂರಿನ ಬಳಪದ ಕಲ್ಲು ನಮ್ಮಲ್ಲಿಲ್ಲ. ನಮ್ಮದು ಮುರಕಲ್ಲು, ನೆಲದಿಂದ ಕಡಿದು ತೆಗೆಯುವಾಗ ಮೆತ್ತಗಿದ್ದು, ಗಾಳಿ ಬಿಸಿಲಿಗೆ ಒಡ್ಡಿದ ಮೇಲೆ ಗಟ್ಟಿಯಾಗುವ, ಮೈತುಂಬ ತೂತುಗಳಿರುವ ಕೆಂಪು ಕಲ್ಲು. ಗೋಡೆಗೆ ಅದು ಬಹಳ ಒಳ್ಳೆಯದು, ಆದರೆ ಅದರಲ್ಲಿ ಶಿಲಾಬಾಲಿಕೆಯ ಬೆರಳು ಕೆತ್ತಲು ಬಾರದು. ಹಾಗಾಗಿ ಇಲ್ಲಿನ ಕಸುಬುದಾರರ ಕೈಚಳಕ ಮರಕ್ಕೆ, ಲೋಹಕ್ಕೆ ಮತ್ತು ಕಾರ್ಕಳದ ಕಡೆಯ ಗಟ್ಟಿ ಶಿಲೆಗೆ ಹೋಯಿತು. ಹೊರಗೋಡೆಯಲ್ಲಿ ಶಿಲ್ಪ ಹುಡುಕುವ ಕಣ್ಣನ್ನು ಸ್ವಲ್ಪ ಎತ್ತಿ ಮಾಡಿನತ್ತ, ಸ್ವಲ್ಪ ಒಳಗೆ ಕಂಬಗಳತ್ತ ತಿರುಗಿಸಿದರೆ ನೋಡಲು ಬೇಕಾದಷ್ಟಿದೆ.

ಮೊದಲ ದಿನವನ್ನು ಮಂಗಳೂರಿಗೆ ಇಡಿ, ಮತ್ತು ಬೆಳಿಗ್ಗೆ ಬೇಗನೆ ಕದ್ರಿಯಿಂದ ಆರಂಭಿಸಿ. ಕದ್ರಿ ಮಂಜುನಾಥ ದೇವಸ್ಥಾನಕ್ಕೆ ಬರುವ ಭಕ್ತರಲ್ಲಿ ಬಹುಮಂದಿ ಮಂಜುನಾಥನಿಗೆ ಕೈಮುಗಿದು, ಪ್ರದಕ್ಷಿಣೆ ಮುಗಿಸಿ, ಕರ್ನಾಟಕದ ಅತಿ ಮುಖ್ಯ ಕಂಚಿನ ವಿಗ್ರಹಗಳಲ್ಲಿ ಒಂದರ ಮುಂದಿನಿಂದಲೇ ಸಾಗಿಹೋಗುತ್ತಾರೆ. ಅದು ಲೋಕೇಶ್ವರನ ವಿಗ್ರಹ. ಮೂರು ಮುಖ, ಆರು ಕೈ, ಪದ್ಮಾಸನದಲ್ಲಿ ಕುಳಿತ ಭಂಗಿ; ಕುಳಿತೇ ಸುಮಾರು ಐದು ಅಡಿ ಎತ್ತರ. ಪೀಠದ ಮೇಲಿನ ಸಂಸ್ಕೃತ ಶಾಸನವು ತುಳುನಾಡನ್ನು ಆಳಿದ ಅಳುಪ ವಂಶದ ದೊರೆ ಕುಂದವರ್ಮನು ಕದರಿಕಾ ವಿಹಾರದಲ್ಲಿ ಇದನ್ನು ಪ್ರತಿಷ್ಠಾಪಿಸಿದನೆಂದು ಹೇಳುತ್ತದೆ, ಕಾಲ ಕ್ರಿ.ಶ. 968. ಶ್ರವಣಬೆಳಗೊಳದ ಗೊಮ್ಮಟ ಎದ್ದು ನಿಲ್ಲುವುದಕ್ಕೂ ಮೊದಲೇ ಮಂಗಳೂರಿನಲ್ಲಿ ಇಷ್ಟು ದೊಡ್ಡ ಎರಕವನ್ನು ಇಷ್ಟು ನಯವಾಗಿ ಹೊಯ್ಯುವ ಕುಶಲಕರ್ಮಿಗಳಿದ್ದರು ಎಂಬುದನ್ನು ಮಗಳಿಗೆ ತೋರಿಸಿ ಹೇಳಿ. ವಿಹಾರ ಎಂಬ ಮಾತೂ ಲೋಕೇಶ್ವರ ಎಂಬ ಹೆಸರೂ ಬೌದ್ಧರದ್ದು, ಪ್ರತಿಷ್ಠಾಪಿಸಿದ ದೊರೆಯಾದರೋ ಅದೇ ಶಾಸನದಲ್ಲಿ ತನ್ನನ್ನು ಶಿವನ ಪಾದಕಮಲದ ದುಂಬಿ ಎಂದು ಕರೆದುಕೊಂಡವನು. ಮುಂದೆ ನಾಥಪಂಥದ ಜೋಗಿಗಳು ಇಲ್ಲಿ ನೆಲೆಗೊಂಡರು. ಅವರ ಮಠ ಇಂದಿಗೂ ಮೇಲಿನ ಗುಡ್ಡದಲ್ಲಿದೆ. ವಿದ್ವಾಂಸರು ಈ ವಿಗ್ರಹವನ್ನು ಯಾರ ಪಾಲಿಗೆ ಹಾಕಬೇಕೆಂದು ಬಹುಕಾಲ ಚರ್ಚಿಸಿದ್ದಾರೆ. ಒಂದೇ ಪಂಗಡದ ಪಾಲಿಗೆ ಅದನ್ನು ಹಾಕಲೇಬೇಕೆಂಬ ಹಟ ನಮ್ಮ ಕಾಲದ್ದು, ಹತ್ತನೆಯ ಶತಮಾನದ ಕದ್ರಿಗೆ ಆ ಗೆರೆ ಅಷ್ಟು ಗಟ್ಟಿಯಾಗಿ ಇದ್ದಿರಲಾರದು ಎಂಬುದು ನನ್ನ ಅಭಿಪ್ರಾಯ. ಅಲಂಕಾರ ಮಾಡಿದ್ದರೆ ವಿಗ್ರಹದ ಮೈಮಾಟ ಪೂರ್ತಿ ಕಾಣುವುದಿಲ್ಲ. ಬೆಳಗಿನ ಜನಜಂಗುಳಿ ಇಲ್ಲದ ಹೊತ್ತಿನಲ್ಲಿ ಅರ್ಚಕರನ್ನು ವಿನಯದಿಂದ ಕೇಳಿದರೆ ಹತ್ತಿರದಿಂದ ನೋಡಲು ದಾರಿ ಮಾಡಿಕೊಡುತ್ತಾರೆ. ದೇವಸ್ಥಾನದ ಹಿಂದಿನ ಕೆರೆಗಳಿಗೂ ಜೋಗಿಮಠಕ್ಕೂ ಮೆಟ್ಟಿಲು ಹತ್ತಬೇಕು. ಅತ್ತೆಯವರು ಅಂಗಣದಲ್ಲಿ ಕುಳಿತಿರಲಿ, ನೀವು ಮತ್ತು ಮಗಳು ಹೋಗಿ ಬನ್ನಿ.

ಕದ್ರಿಯಿಂದ ಬಾವುಟಗುಡ್ಡೆಯ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲಿಗೆ ಬಂದರೆ ಸುಮಾರು ಒಂದು ಸಾವಿರ ವರ್ಷ ಮುಂದಕ್ಕೆ ಬಂದಂತಾಯಿತು. 1884ರಲ್ಲಿ ಕಟ್ಟಿದ ಈ ಪ್ರಾರ್ಥನಾಲಯ ಹೊರಗಿನಿಂದ ಸರಳವಾಗಿಯೇ ಇದೆ. ಒಳಗಿನ ಗೋಡೆ, ಕಮಾನು, ಚಾವಣಿಗಳನ್ನು ಇಟಲಿಯ ಬೆರ್ಗಮೊ ಕಡೆಯ ಜೆಸ್ವಿಟ್ ಸಹೋದರ ಅಂತೋನಿಯೊ ಮೊಸ್ಕೇನಿ ಹತ್ತೊಂಬತ್ತನೆಯ ಶತಮಾನ ಮುಗಿದು ಇಪ್ಪತ್ತನೆಯದು ತೊಡಗುವ ಹೊತ್ತಿನಲ್ಲಿ ಚಿತ್ರಗಳಿಂದ ತುಂಬಿಸಿದರು. ಗೋಡೆಯ ಚಿತ್ರಗಳು ಹಸಿ ಗಾರೆಯ ಮೇಲೆ ಬರೆದವು. ಸುಣ್ಣದ ಗಾರೆ ಆರುವುದರೊಳಗೆ ಬಣ್ಣ ಹಚ್ಚಿ ಮುಗಿಸಬೇಕು; ಆರಿದ ಮೇಲೆ ಬಣ್ಣ ಗೋಡೆಯದೇ ಭಾಗವಾಗಿಬಿಡುತ್ತದೆ, ತಿದ್ದಲು ಅವಕಾಶವಿರುವುದಿಲ್ಲ. ಆದ್ದರಿಂದ ಕಲಾವಿದ ಆ ದಿನ ಬರೆದು ಮುಗಿಸಬಲ್ಲಷ್ಟೇ ಜಾಗಕ್ಕೆ ಗಾರೆ ಮೆತ್ತಿಸಿಕೊಳ್ಳುತ್ತಾನೆ. ಚಾವಣಿಯ ಚಿತ್ರಗಳು ಮಾತ್ರ ಕ್ಯಾನ್ವಾಸಿನ ಮೇಲೆ ಬರೆದು ಕೂಡಿಸಿದವು. ಸಂತ ಅಲೋಶಿಯಸರ ಬದುಕಿನ ಪ್ರಸಂಗಗಳು ಅಲ್ಲಿವೆ. ಬೆಂಚಿನ ಮೇಲೆ ಕುಳಿತು, ಮೊದಲು ಒಂದು ಗೋಡೆಯನ್ನಷ್ಟೇ ನಿಧಾನವಾಗಿ ನೋಡಿ. ನಮ್ಮ ಮಳೆಗಾಲದ ತೇವ ಈ ಬಣ್ಣಗಳಿಗೆ ಎಂಥ ಶತ್ರುವೆಂದು ಊಹಿಸಬಹುದು; 1990ರ ದಶಕದಲ್ಲಿ ಪಾರಂಪರಿಕ ಕಟ್ಟಡ, ಕಲೆಗಳನ್ನು ಸಂರಕ್ಷಿಸುವ ಇನ್‌ಟ್ಯಾಕ್ ಸಂಸ್ಥೆಯ ತಜ್ಞರು ಇವನ್ನು ಶುಚಿಗೊಳಿಸಿ, ದುರಸ್ತಿ ಮಾಡಿ ಉಳಿಸಿಕೊಟ್ಟರು. ಪ್ರಾರ್ಥನೆಯ ಹೊತ್ತಿನಲ್ಲಿ ಸಂದರ್ಶಕರಿಗೆ ಪ್ರವೇಶವಿರುವುದಿಲ್ಲ. ಫೋಟೊ ತೆಗೆಯುವ ಮೊದಲು ಅಲ್ಲಿನವರನ್ನು ಕೇಳುವುದು ಉತ್ತಮ. ಮೊಸ್ಕೇನಿ ಮುಂದೆ ಕೊಚ್ಚಿಗೆ ಹೋಗಿ ಅಲ್ಲೂ ಚಿತ್ರ ಬರೆಯುತ್ತಿದ್ದಾಗ 1905ರಲ್ಲಿ ತೀರಿಕೊಂಡರು.

ಮಧ್ಯಾಹ್ನದ ಬಿಸಿಲಿನ ಹೊತ್ತನ್ನು ಬಿಜೈಯ ಶ್ರೀಮಂತಿ ಬಾಯಿ ಸ್ಮಾರಕ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಇಟ್ಟುಕೊಳ್ಳಬಹುದು. ಹಡಗಿನ ಆಕಾರದ ಕಟ್ಟಡವದು. ಅತ್ತೆಯವರಿಗೆ ದಣಿವಾಗಿದ್ದರೆ ಇದನ್ನು ಬಿಟ್ಟು ವಿಶ್ರಾಂತಿ ತೆಗೆದುಕೊಂಡರೂ ನಷ್ಟವಿಲ್ಲ.

ಸಂಜೆ ನಾಲ್ಕರ ಮೇಲೆ ಬಂದರಿಗೆ ಹೋಗಿ. ನೇತ್ರಾವತಿ ಮತ್ತು ಗುರುಪುರ ನದಿಗಳು ಕಡಲು ಸೇರುವ ಈ ಮೂಲೆಯೇ ಮಂಗಳೂರು ಹುಟ್ಟಿದ ಜಾಗ. ಹದಿನಾಲ್ಕನೆಯ ಶತಮಾನದಲ್ಲಿ ಮೊರಾಕೊದ ಪ್ರವಾಸಿ ಇಬ್ನ್ ಬತೂತ ಇಲ್ಲಿಗೆ ಬಂದಾಗ ಪರ್ಷಿಯಾ ಮತ್ತು ಯೆಮನಿನ ವರ್ತಕರು ಮೆಣಸು, ಶುಂಠಿಗಾಗಿ ಇಲ್ಲಿ ಇಳಿಯುತ್ತಿದ್ದರು. ಬಂದರಿನ ಝೀನತ್ ಬಕ್ಷ್ ಮಸೀದಿ ಭಾರತದ ಅತ್ಯಂತ ಹಳೆಯ ಮಸೀದಿಗಳ ಸಾಲಿಗೆ ಸೇರಿದ್ದು, ಅರಬ್ ವರ್ತಕರ ಕಾಲದಲ್ಲೇ ಸ್ಥಾಪನೆಯಾಯಿತೆಂಬುದು ಪರಂಪರೆಯ ನಂಬಿಕೆ. ಒಳಗಿನ ಮರದ ಕೆತ್ತನೆಯ ಕಂಬಗಳನ್ನು ನೋಡುವಾಗ ಅವು ನಮ್ಮ ಗುತ್ತಿನ ಮನೆಗಳ, ಅಂದರೆ ತುಳುನಾಡಿನ ಹಿರಿಯ ಮನೆತನಗಳ ಮನೆಗಳ, ಚಾವಡಿಯ ಕಂಬಗಳಿಗೆ ಎಷ್ಟು ಹತ್ತಿರವೆಂಬುದು ಕಾಣುತ್ತದೆ. ಧರ್ಮ ಬೇರೆಯಾದರೂ ಕೆತ್ತಿದ ಆಚಾರಿಯ ಪರಂಪರೆ ಈ ನೆಲದ್ದೇ. ನಮಾಜಿನ ಹೊತ್ತನ್ನು ಬಿಟ್ಟು ಹೋಗಿ, ಹೊರಗೆ ಇರುವವರನ್ನು ಕೇಳಿ ಒಳಗೆ ಕಾಲಿಡಿ. ಅಲ್ಲಿಂದ ಬೋಳೂರಿನ ಸುಲ್ತಾನ್ ಬತೇರಿ ದೂರವಿಲ್ಲ. ಗುರುಪುರ ನದಿಯೊಳಗೆ ಯುದ್ಧನೌಕೆಗಳು ನುಸುಳದಂತೆ ತಡೆಯಲು ಟಿಪ್ಪು ಸುಲ್ತಾನ್ ಕಟ್ಟಿಸಿದ ಕಾವಲು ಬುರುಜು ಅದು. ಅಡಿಯಲ್ಲಿ ಮದ್ದಿನ ನೆಲಮಾಳಿಗೆಯಿದೆ. ಎರಡನೆಯ ಆಂಗ್ಲೋ-ಮೈಸೂರು ಯುದ್ಧವನ್ನು ಮುಗಿಸಿದ ಮಂಗಳೂರು ಒಪ್ಪಂದಕ್ಕೆ ಈ ಊರಿನಲ್ಲೇ 1784ರ ಮಾರ್ಚ್ 11ರಂದು ಸಹಿ ಬಿದ್ದಿತು ಎಂಬುದು ಮಗಳ ಪಠ್ಯಪುಸ್ತಕದಲ್ಲಿ ಇದ್ದೀತು. ಬುರುಜು ಚಿಕ್ಕದು, ಕಾಲು ಗಂಟೆ ಸಾಕು.

ಮಂಗಳೂರಿನ ಬೀದಿಗಳಲ್ಲಿ ಓಡಾಡುವಾಗ ಹಳೆಯ ಹೆಂಚಿನ ಮನೆಗಳನ್ನು ಗಮನಿಸಲು ಮರೆಯಬೇಡಿ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು 1834ರಲ್ಲಿ ಇಲ್ಲಿಗೆ ಬಂದರು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹರ್ಮನ್ ಮೊಗ್ಲಿಂಗ್ 1843ರಲ್ಲಿ ಇಲ್ಲಿಂದಲೇ ಹೊರತಂದರು. ಕಿಟೆಲ್ಲರ ನಿಘಂಟು 1894ರಲ್ಲಿ ಇಲ್ಲಿಯ ಮುದ್ರಣಾಲಯದಲ್ಲೇ ಅಚ್ಚಾಯಿತು. ಅದೇ ಮಿಷನ್ 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದು, ನದಿದಡದ ಆವೆಮಣ್ಣನ್ನು ಯಂತ್ರದಲ್ಲಿ ಒತ್ತಿ, ಒಂದರ ಅಂಚು ಇನ್ನೊಂದಕ್ಕೆ ಕಚ್ಚಿಕೊಳ್ಳುವ ಹೆಂಚು ತಯಾರಿಸಿತು. ಎಲ್ಲಿಯಾದರೂ ಹಳೆಯ ಮನೆ ಬಿಚ್ಚಿ ಹೆಂಚು ರಾಶಿ ಹಾಕಿದ್ದು ಕಂಡರೆ ಒಂದನ್ನು ಮಗುಚಿ ನೋಡಿ. ಕಾರ್ಖಾನೆಯ ಹೆಸರೂ ಗುರುತೂ ಉಬ್ಬಕ್ಷರದಲ್ಲಿ ಕಾಣುತ್ತವೆ. ಇಂಥ ರಾಶಿಗಳು ಈಗ ಹೆಚ್ಚುತ್ತಿವೆ ಎಂಬುದು ನನ್ನ ದೊಡ್ಡ ಸಂಕಟ.

ಎರಡನೆಯ ದಿನ ಮೂಡುಬಿದಿರೆಗೆ. ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಖಾಸಗಿ ಬಸ್ಸುಗಳು ಎಡೆಬಿಡದೆ ಸಿಗುತ್ತವೆ, ಆದರೆ ಅತ್ತೆಯವರಿರುವುದರಿಂದ ಈ ಒಂದು ದಿನಕ್ಕೆ ಕಾರು ಮಾಡಿಕೊಳ್ಳಿ. ಮೂಡುಬಿದಿರೆ, ಕಾರ್ಕಳ ನೋಡಿ ರಾತ್ರಿಗೆ ಉಡುಪಿ ಸೇರಬಹುದು. ಮೂರು ದಿನಗಳಲ್ಲಿ ಯಾವುದಾದರೂ ಒಂದನ್ನು ಮಾತ್ರ ನೋಡಲು ಸಾಧ್ಯವಾದರೆ ಏನು ಎಂದು ಕೇಳಿದ್ದರೆ ನಾನು ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನೇ ಹೇಳುತ್ತಿದ್ದೆ. ವಿಜಯನಗರದ ಎರಡನೆಯ ದೇವರಾಯನ ಕಾಲದಲ್ಲಿ, 1430ರಲ್ಲಿ ಕಟ್ಟಿದ ಇದರ ನಿಜವಾದ ಹೆಸರು ತ್ರಿಭುವನ ತಿಲಕ ಚೂಡಾಮಣಿ. ಕೆಳಗೆ ಕಲ್ಲು, ಮೇಲೆ ಮರ, ಅದರ ಮೇಲೆ ತಾಮ್ರ. ಇಳಿಜಾರಾದ ಮಾಡುಗಳು ಒಂದರ ಮೇಲೊಂದು ಅಂತಸ್ತು ಅಂತಸ್ತಾಗಿ ಏರುತ್ತವೆ. ದೂರದಿಂದ ನೇಪಾಳದ ದೇವಾಲಯಗಳ ನೆನಪಾಗುವುದುಂಟು, ಆ ಹೋಲಿಕೆಯನ್ನು ಹಿಂದಿನ ವಿದ್ವಾಂಸರೂ ಮಾಡಿದ್ದಾರೆ. ಆದರೆ ಈ ಆಕಾರವನ್ನು ಬೇಡಿದ್ದು ಇಲ್ಲಿಯ ಮಳೆಯೇ ಎಂಬುದು ಒಂದು ಜಡಿಮಳೆಯಲ್ಲಿ ಅಂಗಣದಲ್ಲಿ ನಿಂತವರಿಗೆ ತಾನಾಗಿ ತಿಳಿಯುತ್ತದೆ. ಒಳಗೆ ಕಂಬಗಳ ಸಾಲಿನಲ್ಲಿ ನಡೆಯುವಾಗ ಒಂದರ ಕೆತ್ತನೆ ಇನ್ನೊಂದರಲ್ಲಿ ಇದೆಯೇ ಎಂದು ಮಗಳು ಹುಡುಕಲಿ. ಗರ್ಭಗೃಹದಲ್ಲಿ ಎಂಟು ಅಡಿ ಎತ್ತರದ ಚಂದ್ರನಾಥ ಸ್ವಾಮಿಯ ಲೋಹದ ಬಿಂಬವಿದೆ.

ಹೊರಗೆ ಬಂದಾಗ ಭೈರಾದೇವಿ ಮಂಟಪದ ಜಗತಿಯ ಬಳಿ ಸ್ವಲ್ಪ ಬಗ್ಗಿ ನೋಡಿ. ಆನೆ, ಕುದುರೆ, ಕುಸ್ತಿಪಟುಗಳ ಸಾಲಿನ ನಡುವೆ ಒಂದು ಜಿರಾಫೆಯ ಕೆತ್ತನೆಯಿದೆ. ಚೀನಾದ ಡ್ರ್ಯಾಗನ್ನಿನಂಥ ಪ್ರಾಣಿಯೂ ಇದೆ. ಜಿರಾಫೆ ಆಫ್ರಿಕದ ಪ್ರಾಣಿ. ಹದಿನೈದನೆಯ ಶತಮಾನದ ಒಬ್ಬ ಶಿಲ್ಪಿ ಕಡಲಿನಿಂದ ಇಷ್ಟು ಒಳಗಿನ ಊರಿನಲ್ಲಿ ಕುಳಿತು ಅದನ್ನು ಕಡೆದಿದ್ದಾನೆ ಎಂದರೆ ಅದರ ವರ್ಣನೆಯೋ ಚಿತ್ರವೋ ಅವನವರೆಗೆ ತಲುಪಿತ್ತು. ಈ ಬಸದಿಗಳನ್ನು ಕಟ್ಟಿಸಿದ ಜೈನ ಸೆಟ್ಟರು ಮೆಣಸು, ಅಕ್ಕಿಯ ದೊಡ್ಡ ವ್ಯಾಪಾರಿಗಳು. ನಿನ್ನೆ ಸಂಜೆ ನೀವು ನೋಡಿದ ಬಂದರು ಅವರ ಕಡಲ ಬಾಗಿಲು. ಮಂಗಳೂರನ್ನೂ ಮೂಡುಬಿದಿರೆಯನ್ನೂ ಒಟ್ಟಿಗೆ ನೋಡಬೇಕೆಂದು ನಾನು ಒತ್ತಿ ಹೇಳುವುದು ಈ ಕಾರಣಕ್ಕೆ.

ಮೂಡುಬಿದಿರೆಯಲ್ಲಿ ಒಟ್ಟು ಹದಿನೆಂಟು ಬಸದಿಗಳಿವೆ. ಎಲ್ಲವನ್ನೂ ಮುಗಿಸುವ ಆತುರ ಬೇಡ. ಧವಲಾ, ಜಯಧವಲಾ, ಮಹಾಧವಲಾ ಎಂಬ ಸಿದ್ಧಾಂತ ಗ್ರಂಥಗಳ ತಾಳೆಗರಿಗಳು ಶತಮಾನಗಳ ಕಾಲ ಉಳಿದುಬಂದದ್ದು ಇಲ್ಲಿಯ ಗುರುಬಸದಿಯಲ್ಲಿ. ಹೊರಗಿನಿಂದ ಬಂದವರಿಗೆ ಅವು ನೋಡಸಿಗುವುದಿಲ್ಲ, ಬಸದಿಯನ್ನು ನೋಡಬಹುದು. ಇಲ್ಲಿ ಆಳಿದ ಜೈನ ಅರಸು ಮನೆತನವಾದ ಚೌಟರ ಅರಮನೆಯಲ್ಲಿ ಮಾತ್ರ ಎರಡು ಮರದ ಕೆತ್ತನೆಗಳನ್ನು ಬಿಡಬೇಡಿ. ಒಂದರಲ್ಲಿ ಒಂಬತ್ತು ಹೆಣ್ಣುಗಳ ಮೈ ಹೆಣೆದುಕೊಂಡು ಆನೆಯಾಗಿದೆ, ಇನ್ನೊಂದರಲ್ಲಿ ಐವರು ಸೇರಿ ಕುದುರೆಯಾಗಿದ್ದಾರೆ. ನವನಾರಿ ಕುಂಜರ, ಪಂಚನಾರಿ ತುರಗ. ಅದು ಇಂದಿಗೂ ಮನೆತನದವರು ವಾಸಿಸುವ ಮನೆ, ಅನುಮತಿ ಕೇಳಿಯೇ ಒಳಗೆ ಹೋಗಬೇಕು. ಸಮಯ ಉಳಿದರೆ ಪಕ್ಕದ ಕೊಡಂಗಲ್ಲಿನಲ್ಲಿ ಮುರಕಲ್ಲಿನ ಅಂತಸ್ತು ಗೋಪುರಗಳಂತಿರುವ ಜೈನ ಸಮಾಧಿಗಳ ಸಾಲಿದೆ. ಅಲ್ಲಿ ಸಾಮಾನ್ಯವಾಗಿ ಯಾರೂ ಇರುವುದಿಲ್ಲ.

ಕಾರ್ಕಳದ ಗೊಮ್ಮಟನನ್ನು 1432ರ ಫೆಬ್ರವರಿಯಲ್ಲಿ ವೀರಪಾಂಡ್ಯ ಭೈರರಸ ನಿಲ್ಲಿಸಿದ. ಎತ್ತರ ಸುಮಾರು 42 ಅಡಿ. ಶ್ರವಣಬೆಳಗೊಳದಲ್ಲಿ ಬೆಟ್ಟದ ಬಂಡೆಯನ್ನೇ ಕಡೆದರೆ ಇಲ್ಲಿ ಮೂರ್ತಿಯನ್ನು ಬೇರೆಡೆ ಕಡೆದು ಬಂಡೆಯ ಮೇಲಕ್ಕೆ ಎಳೆತಂದರು ಎಂಬ ಪರಂಪರೆಯಿದೆ. ಮೆಟ್ಟಿಲು ಹತ್ತಲಾಗದವರಿಗೆ ಗುಡ್ಡದ ಮೇಲಿನವರೆಗೂ ವಾಹನ ಹೋಗುವ ದಾರಿಯಿದೆ. ಎದುರಿನ ಚಿಕ್ಕ ಗುಡ್ಡದಲ್ಲಿ 1586ರ ಚತುರ್ಮುಖ ಬಸದಿ: ನಾಲ್ಕು ದಿಕ್ಕಿಗೂ ಒಂದೇ ಬಗೆಯ ಬಾಗಿಲು, ನಾಲ್ಕೂ ಬಾಗಿಲಿನಲ್ಲಿ ಅರ, ಮಲ್ಲಿ, ಮುನಿಸುವ್ರತ ತೀರ್ಥಂಕರರ ಬಿಂಬಗಳು. ಅದರ ಮಾಡಿನ ಕಲ್ಲುಚಪ್ಪಡಿಗಳ ಜೋಡಣೆಯನ್ನು ಗೊಮ್ಮಟನ ಗುಡ್ಡದಿಂದಲೇ ಚೆನ್ನಾಗಿ ನೋಡಬಹುದು.

ಮೂರನೆಯ ದಿನ ಉಡುಪಿಯ ರಥಬೀದಿಯಲ್ಲಿ ಬೆಳಗು ಮಾಡಿ. ಸ್ಥಳೀಯ ಕ್ರಮದಂತೆ ಮೊದಲು ಚಂದ್ರಮೌಳೀಶ್ವರ, ಅನಂತೇಶ್ವರ ದೇವಸ್ಥಾನಗಳಿಗೆ ಹೋಗಿ ಆಮೇಲೆ ಕೃಷ್ಣಮಠಕ್ಕೆ ಹೋಗುವುದು. ಇತಿಹಾಸದ ದೃಷ್ಟಿಯಿಂದಲೂ ಈ ಕ್ರಮವೇ ಸರಿ, ಏಕೆಂದರೆ ಹದಿಮೂರನೆಯ ಶತಮಾನದಲ್ಲಿ ಮಧ್ವಾಚಾರ್ಯರು ಕೃಷ್ಣನನ್ನು ಪ್ರತಿಷ್ಠಾಪಿಸುವುದಕ್ಕೆ ಮೊದಲೇ ಆ ಎರಡು ಗುಡಿಗಳು ಇದ್ದವು. ಮಠದಲ್ಲಿ ದರ್ಶನ ನವಗ್ರಹ ಕಿಂಡಿಯ ಮೂಲಕ. ಹೊರಗಿನ ಕನಕನ ಕಿಂಡಿ ಬೇರೆ, ಅದರ ಮೂಲಕವೂ ನೋಡಿ. ಗಂಡಸರು ಅಂಗಿ ತೆಗೆದು ಹೋಗುವ ಕ್ರಮವಿದೆ. ಮಧ್ವ ಸರೋವರದ ಬಳಿ ಸೌದೆಯನ್ನೇ ಒಪ್ಪವಾಗಿ ಜೋಡಿಸಿ ರಥದ ಆಕಾರ ಕೊಟ್ಟ ಕಟ್ಟಿಗೆ ರಥ ಕಂಡರೆ ಅದು ಅಲಂಕಾರವೆಂದು ತಿಳಿಯಬೇಡಿ. ಎಂಟು ಮಠಗಳು ಎರಡೆರಡು ವರ್ಷ ಸರದಿಯಲ್ಲಿ ಪೂಜೆ ನಡೆಸುವ ಪರ್ಯಾಯಕ್ಕೆ ಮುನ್ನ ಬಾಳೆ, ಅಕ್ಕಿ, ಕಟ್ಟಿಗೆ, ಭತ್ತ ಎಂದು ನಾಲ್ಕು ಮುಹೂರ್ತಗಳು ನಡೆಯುತ್ತವೆ; ಎರಡು ವರ್ಷ ಬರುವ ಜನಕ್ಕೆಲ್ಲ ಅನ್ನ ಬೇಯಿಸುವ ಹೊಣೆಯ ಸಿದ್ಧತೆ ಅದು. ಮೊದಲು ಎರಡು ತಿಂಗಳಿದ್ದ ಸರದಿಯನ್ನು ಎರಡು ವರ್ಷಕ್ಕೆ ಏರಿಸಿದವರು ವಾದಿರಾಜರು.

ಅಲ್ಲಿಂದ ಬಾರ್ಕೂರಿಗೆ ಹೋಗಿ. ಉಡುಪಿಗೆ ಬಂದವರು ಮಲ್ಪೆಗೆ ಹೋಗುತ್ತಾರೆ, ಬಾರ್ಕೂರಿಗೆ ಹೋಗುವುದಿಲ್ಲ. ಅಳುಪರ ರಾಜಧಾನಿಯಾಗಿ, ಆಮೇಲೆ ವಿಜಯನಗರದ ಬಾರ್ಕೂರು ರಾಜ್ಯದ ಕೇಂದ್ರವಾಗಿ ಮೆರೆದ ಊರು ಈಗ ತೆಂಗು, ಗದ್ದೆಗಳ ನಡುವಿನ ಹಳ್ಳಿ. ಕೋಟೆಕೇರಿಯ ಪಂಚಲಿಂಗೇಶ್ವರ ದೇವಸ್ಥಾನದ ಹಿಂಭಾಗ ಆನೆಯ ಬೆನ್ನಿನಂತೆ ದುಂಡಗಾಗಿದೆ. ಗಜಪೃಷ್ಠವೆಂಬ ಈ ವಿನ್ಯಾಸ ತುಳುನಾಡಿನ ಹಳೆಯ ಗುಡಿಗಳ ಗುರುತು. ಕತ್ತಲೆ ಬಸದಿಯ ಮಾಡು ಪೂರ್ತಿ ಕಲ್ಲಿನದು. ಹೆಂಚು ಹೊದಿಸಿದ ಹಾಗೆಯೇ ಚಪ್ಪಡಿಗಳನ್ನು ಇಳಿಜಾರಾಗಿ ಹೊದಿಸಿ, ಎರಡು ಚಪ್ಪಡಿಗಳ ಸಂದಿನಲ್ಲಿ ನೀರಿಳಿಯದಂತೆ ಉದ್ದನೆಯ ಕಲ್ಲುಪಟ್ಟಿ ಇಟ್ಟಿದ್ದಾರೆ. ಮರದ ಕೆಲಸದ ಲೆಕ್ಕಾಚಾರವನ್ನು ಕಲ್ಲಿಗೆ ಒಗ್ಗಿಸಿದ ಇಂಥ ಜಾಣ್ಮೆ ಬಯಲುಸೀಮೆಯಲ್ಲಿ ನೋಡಲು ಸಿಗದು.

ಇಲ್ಲಿಯೇ ಒಂದು ಮಾತು ಹೇಳಬೇಕು. ಜೀರ್ಣೋದ್ಧಾರದ ಹೆಸರಿನಲ್ಲಿ ನಮ್ಮ ಜಿಲ್ಲೆಗಳ ಎಷ್ಟೋ ಹಳೆಯ ಗುಡಿಗಳನ್ನು ಬುಡಸಮೇತ ಕಿತ್ತು, ಹೊಳೆಯುವ ಶಿಲೆಯಲ್ಲಿ ಹೊಸದಾಗಿ ಕಟ್ಟಿ ಬ್ರಹ್ಮಕಲಶ ಮಾಡಲಾಗಿದೆ. ಊರವರ ಭಕ್ತಿಯಲ್ಲಿ ಕೊರತೆಯಿಲ್ಲ, ಆದರೆ ಗಜಪೃಷ್ಠದ ಗೋಡೆ ಒಮ್ಮೆ ಹೋದರೆ ಹೋಯಿತು. ಶಾಸನದ ಕಲ್ಲು ಮೆಟ್ಟಿಲಾಗಿಬಿಟ್ಟರೆ ಓದುವವರಿಲ್ಲ. ಆದ್ದರಿಂದ ಯಾವುದಾದರೂ ಚಿಕ್ಕ ಗುಡಿಯಲ್ಲಿ ಹಳೆಯ ಮರದ ಮುಚ್ಚಿಗೆಯೋ ಶಾಸನವೋ ಉಳಿದಿರುವುದನ್ನು ಕಂಡರೆ ಅಲ್ಲಿಯ ಮೊಕ್ತೇಸರರ ಬಳಿ, ಇದನ್ನು ನೋಡಲೆಂದೇ ಹಾವೇರಿಯಿಂದ ಬಂದೆವು ಎಂದು ಹೇಳಿ ಹೋಗಿ. ದೂರದವರು ಬೆಲೆಕೊಟ್ಟ ವಸ್ತುವಿಗೆ ಊರಿನಲ್ಲೂ ಬೆಲೆ ಬರುವುದನ್ನು ನಾನು ಕಂಡಿದ್ದೇನೆ.

ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮಕ್ಕೆ ಉಳಿದ ಅರ್ಧ ದಿನ ಸಾಲದಷ್ಟಿದೆ. ಬ್ಯಾಂಕಿನ ಉದ್ಯೋಗಿಯಾಗಿದ್ದ ವಿಜಯನಾಥ ಶೆಣೈಯವರು ಕೆಡವಲು ಹೊರಟ ಹಳೆಯ ಮನೆಗಳನ್ನು ಬಿಡಿಬಿಡಿಯಾಗಿ ಬಿಚ್ಚಿಸಿ ತಂದು ಇಲ್ಲಿ ಮತ್ತೆ ನಿಲ್ಲಿಸಿದರು. ಹರ್ಕೂರಿನ ಮನೆ, ಕುಕನೂರಿನ ಕಮಲ ಮಹಲ್, ಮುಧೋಳ ಅರಮನೆಯ ದರ್ಬಾರ್ ಹಾಲ್ ಇಲ್ಲಿವೆ. ಹುಟ್ಟಿದ ನೆಲ ಬಿಟ್ಟ ಮನೆ ಅರ್ಧ ಮನೆಯೆಂದು ಆಕ್ಷೇಪಿಸುವವರುಂಟು. ಮರದ ವ್ಯಾಪಾರಿಯ ಪಾಲಾಗುವುದಕ್ಕಿಂತ ಇದು ಸಾವಿರ ಪಾಲು ಮೇಲೆಂದು ನನ್ನ ದೃಢ ನಂಬಿಕೆ. ಮೊದಲೇ ಫೋನ್ ಮಾಡಿ ಹೊತ್ತು ಗೊತ್ತುಮಾಡಿಕೊಳ್ಳಿ. ಒಳಗೆ ನಡೆಯುವುದು ಬಹಳ ಇದೆ, ಅತ್ತೆಯವರಿಗೆ ಊರುಗೋಲು ಇರಲಿ.

ಕೊನೆಯದಾಗಿ ಕಾಲದ ವಿಚಾರ. ದಸರಾ ಹೊತ್ತಿಗೆ ಮಳೆ ಹಿಂದೆ ಸರಿದಿರುತ್ತದೆ, ಆದರೂ ಸಂಜೆ ಒಂದೆರಡು ಜೋರು ಮಳೆ ತಪ್ಪಿದ್ದಲ್ಲ. ಪಾಚಿ ಹಿಡಿದ ಮುರಕಲ್ಲಿನ ಮೆಟ್ಟಿಲು ಬಹಳ ಜಾರುತ್ತದೆ. ನಾರಾಯಣ ಗುರುಗಳು 1912ರಲ್ಲಿ ಪ್ರತಿಷ್ಠಾಪಿಸಿದ ಕುದ್ರೋಳಿ ಗೋಕರ್ಣನಾಥ ಕ್ಷೇತ್ರದ ದಸರಾ ಆಗಲೇ ನಡೆಯುವುದರಿಂದ ಮಂಗಳೂರಿನಲ್ಲಿ ಹುಲಿವೇಷದ ತಾಸೆಯ ಸದ್ದು ಹಗಲಿಡೀ ಕೇಳುತ್ತದೆ, ಮಗಳಿಗೆ ಅದೊಂದು ಹಬ್ಬ. ಆದರೆ ಮೆರವಣಿಗೆಯ ರಾತ್ರಿ ಊರಿನ ರಸ್ತೆಗಳಲ್ಲಿ ಕಾರು ಕದಲುವುದಿಲ್ಲ, ವಸತಿಯೂ ಸುಲಭವಾಗಿ ಸಿಗುವುದಿಲ್ಲ. ಕೋಣೆಗಳನ್ನು ಈಗಲೇ ಕಾದಿರಿಸಿ, ಮತ್ತು ಆ ರಾತ್ರಿ ಉಡುಪಿಯಲ್ಲಿ ಇರುವಂತೆ ದಿನಗಳನ್ನು ಹೊಂದಿಸಿಕೊಳ್ಳಿ.